ಅವ್ವ ಒತ್ತದ ಹೆಬ್ಬೆಟ್ಟು

ಯಾರಿಗಾದರೂ ಶಾಲು ಹೊದಿಸುವುದನ್ನು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಕಡೆ ಮಳೆಗೆ ಬರ ಬಂದರೂ ಶಾಲಿಗೆ ಬರವಿಲ್ಲ. ವರ್ಗವಾಗಿ ಬಂದವರಿಗೆ ಒಂದು, ವರ್ಗವಾಗಿ ಹೋಗುವವರಿಗೆ ಒಂದು, ನಿವೃತ್ತಿಗೆ ಒಂದು, ಹುಟ್ಟುಹಬ್ಬಕ್ಕೆ ಒಂದು. ಶಹಾಪುರದ ಬಟ್ಟೆ ಅಂಗಡಿಗಳಲ್ಲಿ ಸತ್ಕಾರದ ಶಾಲು ಅಂತಲೇ ಬೇರೆ ಕಟ್ಟು ಇಟ್ಟಿರುತ್ತಾರೆ. ತೆಳ್ಳಗೆ, ಅಂಚು ಮಾತ್ರ ಥಳಥಳ. ಹೊದೆಯಲಿಕ್ಕೂ ಆಗದು, ಹಾಸಲಿಕ್ಕೂ ಆಗದು. ಅಂಥದ್ದೊಂದು ನಮ್ಮ ಮನೆಯ ಟ್ರಂಕಿನಲ್ಲೂ ಇದೆ. ನಾನು ಏನೂ ಮಾಡುವ ಮೊದಲೇ ನನಗೆ ಹೊದಿಸಿದ್ದು ಅದು.

ನಮ್ಮದು ಸಗರ. ಅಪ್ಪ ಸುರಪುರದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೇ ಬರುವವರು. ಅವ್ವ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದೇ ಅಡುಗೆ ಮಾಡಲಿಕ್ಕೆ, ಓದಲಿಕ್ಕಲ್ಲ. ನಾನು ಒಬ್ಬಳೇ ಮಗಳು. ಪಿಯುಸಿ ಮುಗಿದ ವರ್ಷ ನೀಟ್ ಬರೆದಿದ್ದೆ. ಯಾವ ತಯಾರಿಯೂ ಇಲ್ಲದೆ ಬರೆದಿದ್ದಕ್ಕೆ ತಕ್ಕ ಅಂಕ ಬಂದಿತ್ತು. ಅಪ್ಪ, ‘ಮೊದಲ ಡಿಗ್ರಿ ಮಾಡು, ಕೈಯಾಗ ಒಂದು ಕಾಗದ ಇರಲಿ’ ಎಂದರು. ಶಹಾಪುರದಲ್ಲಿ ಬಿ.ಎಸ್ಸಿ. ಮಾಡಿದೆ. ಮೂರು ವರ್ಷ ಕಪ್ಪೆ, ಜಿರಳೆ ಕೊಯ್ದರೂ ಡಾಕ್ಟರ್ ಆಗುವ ಆಸೆ ಮಾತ್ರ ಸಾಯಲಿಲ್ಲ.

ದೊಡ್ಡವ್ವನ ಸಾವು ನೋಡಿ ಡಾಕ್ಟರ್ ಆಗಬೇಕೆಂದುಕೊಂಡೆ ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಬಿಳಿ ಕೋಟು, ಹೆಸರಿನ ಮುಂದೆ ಎರಡಕ್ಷರ, ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವ ಜನ, ಇದೇ ನನ್ನ ಆಸೆಯ ಮುಕ್ಕಾಲು ಪಾಲು. ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಕಿಡ್ನಿ ಕೆಟ್ಟು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡದ್ದು ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ. ಅವತ್ತು ಹತ್ತಿರ ಇದ್ದವಳು ಅವ್ವ ಒಬ್ಬಳೇ. ಯಾವುದೋ ಕಾಗದ ತಂದು ಮುಂದೆ ಹಿಡಿದರಂತೆ, ಲಗೂ ಒತ್ತು ಅಂದರಂತೆ, ಇವಳು ಹೆಬ್ಬೆಟ್ಟು ಒತ್ತಿದಳಂತೆ. ಸಂಜೆಗೆ ಅಕ್ಕ ಇರಲಿಲ್ಲ. ‘ಆ ಕಾಗದದಾಗ ಏನ್ ಬರ್ದಿತ್ತೋ’ ಎಂದು ಅವ್ವ ಅಕ್ಕಿ ಆರಿಸುವಾಗ, ಬಟ್ಟೆ ಒಗೆಯುವಾಗ ತನ್ನಷ್ಟಕ್ಕೆ ತಾನೇ ಅನ್ನುತ್ತಿದ್ದಳು. ಅದು ಆಪರೇಷನ್ನಿಗೂ ಡಯಾಲಿಸಿಸ್ಸಿಗೂ ಎಲ್ಲರ ಕಡೆಯಿಂದ ತೆಗೆದುಕೊಳ್ಳುವ ಒಪ್ಪಿಗೆ ಪತ್ರ ಎಂದು ನಾನೂ ಅಪ್ಪನೂ ಎಷ್ಟು ಸಲ ಹೇಳಿದರೂ ಅವಳ ಮನಸ್ಸಿಗೆ ನಾಟಲಿಲ್ಲ.

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದಾಗ ಶಿರವಾಳದ ಕಡೆಯ ಒಂದು ಸಂಬಂಧ ಬಾಗಿಲಿಗೆ ಬಂದು ನಿಂತಿತ್ತು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ನನಗೆ ಗೊತ್ತಿದ್ದ ಎಲ್ಲ ನಾಟಕವನ್ನೂ ಆಡಿದೆ. ಕೊನೆಗೆ ಅಪ್ಪ ಕಟ್ಟೆಯ ಮೇಲೆ ಕೂತು ಹೇಳಿದರು.

‘ಒಂದ ವರ್ಷ ನಿಂದು. ಎಲ್ಲಿ ಓದ್ತಿ, ಹ್ಯಾಂಗ ಓದ್ತಿ, ನೀನ ನೋಡ್ಕೋ. ಆಮ್ಯಾಲ ನಾವು ಹೇಳ್ದಂಗ ಕೇಳ್ಬೇಕು.’

ಒಂದು ವರ್ಷ ಎಂದರೆ ಒಂದೇ ವರ್ಷ. ಅಪ್ಪ ಕಚೇರಿಯಲ್ಲಿ ಕೆಲಸ ಮಾಡುವ ಮನುಷ್ಯ, ದಿನಾಂಕ ಮುಗಿದ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಆ ಒಂದು ವರ್ಷವನ್ನು ಎಲ್ಲಿ ಕಳೆಯಬೇಕು ಎಂಬುದೇ ನನ್ನ ಇಡೀ ಬಾಳಿನ ಪ್ರಶ್ನೆಯಾಯಿತು.

ಎರಡು ದಾರಿ ಇದ್ದವು. ಒಂದು, ಕಲಬುರಗಿಯ ಒಂದು ದೊಡ್ಡ ಹೆಸರಿನ ಸಂಸ್ಥೆ. ಅಲ್ಲೇ ಹಾಸ್ಟೆಲ್ಲು, ಅಲ್ಲೇ ಊಟ, ಗಾಜಿನ ಮುಂಬಾಗಿಲು, ಮೇಲೆ ಹೋಗಲು ಲಿಫ್ಟು. ಶಹಾಪುರ ಬಸ್ ನಿಲ್ದಾಣದ ಎದುರಿಗೇ ಅದರ ಫ್ಲೆಕ್ಸು. ಅದರಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ನೂರಾರು ಹುಡುಗ ಹುಡುಗಿಯರ ಮುಖ. ಅದರ ಪ್ರವೇಶ ಪರೀಕ್ಷೆ ಬರೆದು ಬಂದಿದ್ದೆ, ಫಲಿತಾಂಶ ಬರಲು ಒಂದು ತಿಂಗಳಿತ್ತು. ಇನ್ನೊಂದು, ಶಹಾಪುರದ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಮೇಲೆ ತಗಡು ಹೊದಿಸಿ ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕರು ನಡೆಸುತ್ತಿದ್ದ ಕ್ಲಾಸು. ಫೀಸು ಕೈಲಾದಷ್ಟು. ಸಗರದಿಂದ ಬರುವ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಮುಗಿಯಿತು, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಒಂದು ತಿಂಗಳು ಸುಮ್ಮನೆ ಯಾಕೆ ಕೂಡಬೇಕೆಂದು ಅಲ್ಲಿಗೆ ಹೋಗತೊಡಗಿದೆ.

ಆ ಸರ್ ಕ್ಲಾಸಿನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಮೊದಲ ದಿನವೇ ಒಂದು ನೋಟ್‌ಬುಕ್ಕು, ಒಂದು ಸ್ಟ್ಯಾಂಪ್ ಪ್ಯಾಡು ತರಲು ಹೇಳಿದರು. ಅವತ್ತು ಕಲಿತ ಪಾಠವನ್ನು ಮನೆಯಲ್ಲಿ ಓದು ಬಾರದ ಒಬ್ಬರಿಗೆ ಅವರ ಮಾತಿನಲ್ಲೇ ಹೇಳಬೇಕು. ಅವರಿಗೆ ತಿಳಿದರೆ ಆ ದಿನದ ಪುಟದಲ್ಲಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. ತಿಳಿಯದಿದ್ದರೆ ಪುಟ ಖಾಲಿ ಬಿಡಬೇಕು. ಸುಳ್ಳು ಹೆಬ್ಬೆಟ್ಟು ತಂದವರನ್ನು ಸರ್ ಹೇಗೋ ಹಿಡಿಯುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಚೀಲ ಹೊರುವ ಹಮಾಲರ ಮುಂದೆ ನಿಲ್ಲಿಸಿ ಅದೇ ಪಾಠ ಹೇಳಿಸುತ್ತಿದ್ದರು.

ನನಗೆ ಮೊದಲ ದಿನ ಸಿಟ್ಟೇ ಬಂತು. ಎದ್ದು ಕೇಳಿಯೂ ಬಿಟ್ಟೆ.

‘ಸರ್, ನಮ್ಮವ್ವ ಜೀವನಪೂರ್ತಿ ಹೆಬ್ಬೆಟ್ಟು ಒತ್ಯಾಳ್ರಿ. ಅದ ನಮಗ ನಾಚಿಕಿ. ನೀವು ಮತ್ತ ಅದನ್ನ ಒತ್ತಿಸ್ರಿ ಅಂತೀರಲ್ರಿ?’

ಸರ್ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. ‘ತಿಳಿಲಾರದ ಕಾಗದಕ್ಕ ಒತ್ತಿಸ್ಕೊಂಡವ್ರಿಗೆ ನಾಚಿಕಿ ಇರ್ಬೇಕವ್ವ, ಒತ್ತಿದವ್ರಿಗಲ್ಲ. ಇದನ್ನ ತಿಳಿದ ಮ್ಯಾಲ ಒತ್ತಲಿ. ತಿಳೀಲಿಲ್ಲ ಅಂದ್ರ ಬ್ಯಾಡ ಅನ್ನೋ ಹಕ್ಕೂ ಅವ್ರಿಗೆ ಅದ ಅಂತ ಹೇಳು.’

ಮನೆಗೆ ಹೋಗಿ ಹೇಳಿದೆ. ಅವ್ವನಿಗೆ ಆ ಕೊನೆಯ ಮಾತು ಬಹಳ ಹಿಡಿಸಿತು. ಬ್ಯಾಡ ಅನ್ನೋ ಹಕ್ಕು. ಅವಳು ಅದನ್ನು ಎರಡು ಸಲ ಹೇಳಿಸಿಕೊಂಡಳು.

ಅಲ್ಲಿಂದ ದಿನಾ ಸಂಜೆ ಅವ್ವ ಮರುದಿನದ ಬಿಸಿಯೂಟಕ್ಕೆ ಬೇಳೆ ಆರಿಸುತ್ತ ಕೂತರೆ ನಾನು ಎದುರಿಗೆ ಕೂತು ಪಾಠ ಹೇಳುತ್ತಿದ್ದೆ. ಸುಲಭವಿರಲಿಲ್ಲ. ಕ್ಲಾಸಿನಲ್ಲಿ ನೀರು ಕುಡಿದ ಹಾಗೆ ತಿಳಿದದ್ದು ಅವ್ವನ ಮುಂದೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದೊಂದು ಇಂಗ್ಲಿಷ್ ಪದ ಬಂದಾಗಲೂ ಅವ್ವ ಕೈ ನಿಲ್ಲಿಸಿ, ‘ಅಂದ್ರ?’ ಎನ್ನುತ್ತಿದ್ದಳು. ಆ ಅಂದ್ರ ಎನ್ನುವುದಕ್ಕೆ ಉತ್ತರ ಹುಡುಕುತ್ತ ನಾನು ಬೆವರುತ್ತಿದ್ದೆ. ಮೊದಲ ವಾರದ ಪುಟಗಳೆಲ್ಲ ಖಾಲಿ. ಎಂಟನೆಯ ದಿನ ಹೃದಯದ ಪಾಠಕ್ಕೆ ಅವ್ವ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮೊದಲು ಸೆರಗಿಗೆ ಕೈ ಒರೆಸಿಕೊಂಡಳು.

ಕ್ಲಾಸಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು ಗೋಗಿ ಎಂಬ ಊರಿನಿಂದ ಬರುತ್ತಿದ್ದ ಗೆಳತಿ. ಅವಳ ಅಪ್ಪ ದರ್ಜಿ. ಶೇರ್ ಆಟೊದಲ್ಲಿ ಒತ್ತಿಕೊಂಡು ಕೂತು ಬರುತ್ತಿದ್ದಳು. ಅವಳ ಪಾಠ ಕೇಳುವವರು ಅವಳ ದಾದಿ, ಎಂದರೆ ಅಜ್ಜಿ. ‘ನಿಮ್ಮವ್ವನ ಎಷ್ಟೋ ಬೇಕು ಮಾರಾಯ್ತಿ’ ಎಂದು ನಗುತ್ತಿದ್ದಳು. ‘ನಮ್ಮ ದಾದಿ ಇಡೀ ಪಾಠ ಕೇಳ್ತಾಳ, ಆಮ್ಯಾಲ ಸಮಝ್ ಮೆ ನೈ ಆಯಾ, ಫಿರ್ ಸೆ ಬೋಲ್ ಅಂತಾಳ. ತಿಳೀಲಿಲ್ಲಂತ, ಮತ್ತ ಮೊದಲಿಂದ ಹೇಳ್ಬೇಕಂತ.’

ತಿಂಗಳ ಕೊನೆಯ ವಾರ ಕಿಡ್ನಿಯ ಪಾಠ ಬಂತು. ಶನಿವಾರ ಸಂಜೆ ಅವ್ವನಿಗೆ ಹೇಳಲು ಕೂತೆ. ಅವತ್ತು ಅವ್ವ ಬೇಳೆಯ ಮೊರ ಪಕ್ಕಕ್ಕಿಟ್ಟು ಬರಿ ಕೈಯಲ್ಲಿ ಕೂತಳು. ನಮ್ಮ ರಕ್ತವೆಲ್ಲ ಅದರೊಳಗೆ ಹಾದುಹೋಗುತ್ತದೆ, ಅಲ್ಲಿ ಸಣ್ಣ ಸಣ್ಣ ಜರಡಿಗಳಿವೆ, ಮೊದಲು ನೀರು, ಉಪ್ಪು, ಸಕ್ಕರೆ, ಹೊಲಸು ಎಲ್ಲ ಒಟ್ಟಿಗೆ ಸೋಸಿ ಆಚೆ ಬೀಳುತ್ತವೆ, ಆಮೇಲೆ ಬೇಕಾದದ್ದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ ಎಂದೆ. ಅವ್ವ ಪಕ್ಕದ ಮೊರವನ್ನೊಮ್ಮೆ ನೋಡಿದಳು.

‘ಅಂದ್ರ ಮೊದಲ ಎಲ್ಲಾ ಚೆಲ್ತದ, ಆಮ್ಯಾಲ ಬೇಕಾದಷ್ಟು ಆರಿಸಿ ತಗೋತದ?’

‘ಹೌದವ್ವ.’

‘ಮತ್ತ ಬೇಕಾದದ್ದು ಯಾವುದು ಅಂತ ಅದಕ್ಕ ಹ್ಯಾಂಗ ತಿಳೀತದ?’

ಮೂರು ವರ್ಷ ಬಿ.ಎಸ್ಸಿ. ಓದಿದವಳಿಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ‘ನಾಳೆ ಹೇಳ್ತೀನಿ, ಸರ್‌ನ ಫೋನಿನಾಗ ಕೇಳ್ತೀನಿ’ ಎಂದೆ. ‘ಆತು, ಒತ್ತೋದೂ ನಾಳೇನ’ ಎಂದು ಅವ್ವ ಮೊರ ಎಳೆದುಕೊಂಡಳು.

ಅದೇ ಶನಿವಾರ ಅಪ್ಪ ಸುರಪುರದಿಂದ ಬರುವಾಗ ಮುಖ ಅರಳಿಸಿಕೊಂಡೇ ಬಂದರು. ಕಲಬುರಗಿಯ ಸಂಸ್ಥೆಯಿಂದ ಫೋನು ಬಂದಿತ್ತು. ನಾನು ಆಯ್ಕೆಯಾಗಿದ್ದೆ, ಫೀಸಿನಲ್ಲಿ ಅರ್ಧ ರಿಯಾಯಿತಿ, ಸೋಮವಾರದೊಳಗೆ ಬಂದು ಸೇರಬೇಕು. ಉಳಿದ ಅರ್ಧವೂ ನಮಗೆ ದೊಡ್ಡದೇ. ಸೋರುವ ಮಾಳಿಗೆಗೆ ಸ್ಲ್ಯಾಬ್ ಹಾಕಿಸಲು ಇಟ್ಟದ್ದು ಹೋಗುತ್ತಿತ್ತು. ಅಪ್ಪ ಅದರ ಮಾತೇ ಎತ್ತಲಿಲ್ಲ.

‘ನೀನ ಹೇಳು. ಇಲ್ಲೇ ಇರ್ತಿಯೋ, ಅಲ್ಲಿ ಹೋಗ್ತಿಯೋ?’

‘ನಾಳೆ ಹೇಳ್ತೀನಿ’ ಎಂದೆ. ಅವತ್ತು ನಾನು ಎಲ್ಲವನ್ನೂ ನಾಳೆಗೆ ಹಾಕಿದೆ. ನನ್ನ ಮನಸ್ಸು ಆಗ ಎಲ್ಲಿ ವಾಲಿತ್ತು ಎಂದರೆ, ದೇವರಾಣೆ, ಸರ್ ಕಡೆಗೇ ವಾಲಿತ್ತು. ಆದರೆ ಬಸ್ ನಿಲ್ದಾಣದ ಎದುರಿನ ಆ ಫ್ಲೆಕ್ಸಿನ ಚೌಕವೊಂದರಲ್ಲಿ ನನ್ನ ಮುಖವನ್ನೂ ಇಟ್ಟು ನೋಡಿದ್ದೆ, ಅದೂ ಸುಳ್ಳಲ್ಲ.

ಅಪ್ಪ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಇಬ್ಬರಿಗೆ ಹೇಳಿದ್ದರು. ಆ ಇಬ್ಬರು ಓಣಿಗೆಲ್ಲ ಹೇಳಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ಬುದ್ಧವಿಹಾರದಲ್ಲಿ ವಂದನೆ ಇರುತ್ತದೆ. ಹೆಂಗಸರು ಬಿಳಿ ಸೀರೆ ಉಟ್ಟು ಬರುತ್ತಾರೆ. ನಾವು ಹೋಗುವಷ್ಟರಲ್ಲಿ ಮೈಕು ಕಟ್ಟಿದ್ದರು, ಎರಡು ಕುರ್ಚಿ ಹಾಕಿದ್ದರು. ಪಂಚಶೀಲ ಮುಗಿದದ್ದೇ ತಡ, ಯುವಕರ ಸಂಘದವನೊಬ್ಬ ಮೈಕು ಹಿಡಿದ.

‘ನಮ್ಮ ಓಣಿಯ ಮೊದಲನೇ ಡಾಕ್ಟರ್ ಆಗಲಿರುವ ನಮ್ಮ ತಂಗಿ, ನಾಳೆ ಕಲಬುರಗಿಗೆ ಹೊಂಟಾಳ. ಆಕಿಗೆ ಈ ಸತ್ಕಾರ.’

ನಮ್ಮ ಜನ ದಡ್ಡರಲ್ಲ. ಅದು ಬರೀ ಕೋಚಿಂಗು, ಸೀಟಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಗೆದ್ದು ಬಂದ ಮೇಲೆ ಸತ್ಕರಿಸುವ ಅವಕಾಶ ನಮ್ಮ ಓಣಿಗೆ ಎಷ್ಟು ಸಲ ಸಿಕ್ಕಿದೆ? ಕಾದು ಕಾದು ಸಾಕಾದವರು ಮೊದಲೇ ಹೊದಿಸಿಬಿಡುತ್ತಾರೆ. ಶಾಲು ಹೊದಿಸಿದರು, ಹಾರ ಹಾಕಿದರು. ಒಬ್ಬ ಮುದುಕಿ ತನ್ನ ಬಿಳಿ ಸೆರಗಿನಿಂದ ನನ್ನ ಮುಖ ಒರೆಸಿ ಲಟಿಕೆ ಮುರಿದಳು. ಆಮೇಲೆ ಮೈಕು ನನ್ನ ಕೈಗೆ ಕೊಟ್ಟರು.

ನಾನು ಕಲಬುರಗಿಗೆ ಹೋಗುವುದಿಲ್ಲ, ಶಹಾಪುರದಲ್ಲೇ ಓದುತ್ತೇನೆ. ಇಷ್ಟೇ ಮಾತು. ಹೇಳಲು ಎಷ್ಟು ಹೊತ್ತು ಬೇಕು? ಹೆಂಗಸರ ಸಾಲಿನಲ್ಲಿ ಅವ್ವ ಕೂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನು ‘ನಿಮ್ಮೆಲ್ಲರ ಆಶೀರ್ವಾದ ಇರಲಿ’ ಎಂದೆ. ಚಪ್ಪಾಳೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಸಗರ ಕ್ರಾಸಿನಲ್ಲಿ ನನ್ನ ಫೋಟೊದ ಫ್ಲೆಕ್ಸೂ ನಿಂತಿತ್ತು.

ಮನೆಗೆ ಬಂದ ಮೇಲೆ ಅವ್ವ ಒಂದೇ ಮಾತು ಕೇಳಿದಳು. ‘ಮನಸಿದ್ದು ಒಪ್ಪಿದ್ಯೋ, ಮೈಕಿಗೆ ಅಂಜಿ ಒಪ್ಪಿದ್ಯೋ?’

‘ತಗಡಿನ ಕೆಳಗ ಕುಂತು ಯಾರಾದ್ರೂ ಡಾಕ್ಟರ್ ಆಗ್ತಾರೇನವ್ವ?’ ಎಂದೆ. ಅವ್ವನ ಬಾಯಿ ಮುಚ್ಚಿಸಲು ಹುಟ್ಟಿದ ಮಾತು ಅದು. ಸೋಮವಾರ ಬೆಳಿಗ್ಗೆ ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಗೋಗಿಯ ಗೆಳತಿ ಎದುರಾದಳು. ‘ಸರ್‌ಗೆ ಹೇಳಿ ಹೋಗು’ ಎಂದಳು. ಅವಳಿಗೂ ಅದೇ ಮಾತು ಹೇಳಿದೆ. ಅವಳು ಅದೇ ತಗಡಿನ ಕೆಳಗೆ ಹೋಗುತ್ತಿದ್ದಳು. ನನ್ನ ಟ್ರಂಕಿಗೆ ಒಂದು ಕೈ ಹಿಡಿದು ಬಸ್ಸಿಗೆ ಏರಿಸಿಕೊಟ್ಟು, ಕ್ಲಾಸಿನ ಕಡೆಗೆ ನಡೆದಳು.

ಕಲಬುರಗಿಯ ಆ ಸಂಸ್ಥೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ಹಾಗಾಗುತ್ತದೆ. ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರಂಥವರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆದರೆ ಅವರು ಪಾಠ ಮಾಡುತ್ತಿದ್ದದ್ದು ಮೇಲಿನ ಬ್ಯಾಚುಗಳಿಗೆ. ಪ್ರತಿ ಭಾನುವಾರ ಪರೀಕ್ಷೆ, ಪ್ರತಿ ಸೋಮವಾರ ರ‍್ಯಾಂಕು, ರ‍್ಯಾಂಕಿನ ಪ್ರಕಾರ ಬ್ಯಾಚು. ಮೇಲಿನ ಬ್ಯಾಚಿನವರ ಕೊರಳಿಗೆ ಐಡಿ ಕಾರ್ಡಿನ ನೀಲಿ ಪಟ್ಟಿ, ಕೆಳಗಿನವರಿಗೆ ಹಳದಿ. ನಾನು ಮೂರು ವಾರ ನೀಲಿಯಲ್ಲಿದ್ದೆ. ನಾಲ್ಕನೆಯ ವಾರ ಹಳದಿಗೆ ಬಂದೆ. ಆಮೇಲೆ ಅಲ್ಲೇ ಉಳಿದೆ.

ಎಲ್ಲವೂ ವೇಗ. ಪ್ರಶ್ನೆ ಓದು, ನಾಲ್ಕು ಉತ್ತರದಲ್ಲಿ ಎರಡನ್ನು ಹೊಡೆದು ಹಾಕು, ಉಳಿದ ಎರಡರಲ್ಲಿ ಒಂದು ಆರಿಸು, ಉತ್ತರದ ಹಾಳೆಯಲ್ಲಿ ಅದರ ವೃತ್ತ ಕಪ್ಪು ಮಾಡು, ಮುಂದೆ ಹೋಗು. ಯಾಕೆ ಎಂದು ಕೇಳಲು ಹೊತ್ತಿರಲಿಲ್ಲ. ಕೇಳಬೇಕೆಂದರೆ ಇಂಗ್ಲಿಷಿನಲ್ಲಿ ಕೇಳಬೇಕು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡು ಕೈ ಎತ್ತುವಷ್ಟರಲ್ಲಿ ಮೇಷ್ಟ್ರು ಎರಡು ಪುಟ ದಾಟಿರುತ್ತಿದ್ದರು. ಹೆಬ್ಬೆಟ್ಟಿನ ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಯಾರಾದರೂ ಕಂಡರೆ ನಕ್ಕಾರು ಎಂಬ ಭಯ.

ಭಾನುವಾರ ಹತ್ತು ನಿಮಿಷ ಫೋನು ಕೊಡುತ್ತಿದ್ದರು. ಅವ್ವ ಮೊದಲು, ‘ಉಂಡೀ ಏನವ್ವ?’ ಎನ್ನುತ್ತಿದ್ದಳು. ಆಮೇಲೆ ತಪ್ಪದೆ, ‘ಅಲ್ಲಿ ಪಾಠ ಯಾರಿಗೆ ಹೇಳಾಕತ್ತಿ?’

‘ಇಲ್ಲಿ ಯಾರಿಗೂ ಹೇಳೋದಿಲ್ಲವ್ವ. ಎಲ್ಲಾರಿಗೂ ಬರ್ತದ.’

‘ಹಂಗಾದ್ರ ನಿಂಗ ಬರ್ತದಂತ ನಿಂಗ ಹ್ಯಾಂಗ ಗೊತ್ತು?’

ನಾನು ಸಿಟ್ಟಿಗೆದ್ದು ಫೋನು ಅಪ್ಪನಿಗೆ ಕೊಡೆನ್ನುತ್ತಿದ್ದೆ. ಪ್ರತಿ ಸೋಮವಾರ ನನ್ನ ರ‍್ಯಾಂಕು ಅಪ್ಪನ ಮೊಬೈಲಿಗೂ ಹೋಗುತ್ತಿತ್ತು. ಮೊದಮೊದಲು ಅದನ್ನು ಕಚೇರಿಯಲ್ಲಿ ತೋರಿಸುತ್ತಿದ್ದರಂತೆ. ಆಮೇಲಾಮೇಲೆ ಸೋಮವಾರ ಮೊಬೈಲನ್ನು ಚೀಲದಿಂದ ಹೊರಗೆ ತೆಗೆಯುವುದನ್ನೇ ಬಿಟ್ಟರಂತೆ. ಇದನ್ನು ನನಗೆ ಅಪ್ಪ ಹೇಳಲಿಲ್ಲ, ಅವ್ವ ಹೇಳಿದಳು.

ದೀಪಾವಳಿಗೆ ಮೂರು ದಿನ ರಜೆ ಕೊಟ್ಟರು. ಶಹಾಪುರ ನಿಲ್ದಾಣದಲ್ಲಿ ಗೋಗಿಯ ಗೆಳತಿ ನಿಂತಿದ್ದಳು. ನಾನು ಬರುವುದು ಅವ್ವನಿಂದ ಗೊತ್ತಾಗಿ ಬೇಕೆಂದೇ ಬಂದಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಅವಳ ಮುಖ ನೋಡಲಾಗಲಿಲ್ಲ.

‘ಸರ್ ಹೇಳಿ ಕಳಿಸ್ಯಾರ. ಹಬ್ಬ ಮುಗಿಸ್ಕೊಂಡು ಕ್ಲಾಸಿಗೆ ಬಾ ಅಂದ್ರು. ಇನ್ನೂ ಆರು ತಿಂಗಳ ಅದ, ಆಗ್ತದ ಅಂದ್ರು. ಸಿಟ್ಟಿಲ್ಲಂತ.’

ಆ ಕ್ಷಣ ನನಗೆ ಅಳು ಬಂತು. ಹಾಸ್ಟೆಲ್ಲಿನಲ್ಲಿರುವ ಟ್ರಂಕು ಬಿಡು, ಬಟ್ಟೆ ಬಿಡು, ಇಲ್ಲೇ ಉಳಿದುಬಿಡು ಎಂದು ಜೀವ ಕೂಗಿತು. ‘ನೋಡ್ತೀನಿ’ ಎಂದು ಸಗರದ ಬಸ್ಸು ಹತ್ತಿದೆ. ಕ್ರಾಸಿನಲ್ಲಿ ಇಳಿದರೆ ಆ ಫ್ಲೆಕ್ಸು ಇನ್ನೂ ಇತ್ತು. ಬಿಸಿಲಿಗೆ ನನ್ನ ಮುಖ ಬೆಳ್ಳಗಾಗಿತ್ತು, ಹೆಸರು ಮಾತ್ರ ಢಾಳಾಗಿ ಕಾಣುತ್ತಿತ್ತು. ಓಣಿಗೆ ಕಾಲಿಟ್ಟರೆ ಮೂಲೆಮನೆಯ ಮುದುಕ ಬಿಪಿ ಗುಳಿಗೆಯ ಚೀಟಿ ಹಿಡಿದುಕೊಂಡು ಎದ್ದು ಬಂದ.

‘ಡಾಕ್ಟರ್ ತಂಗಿ ಬಂದ್ಳು. ಇದನ್ನ ಊಟಕ್ಕ ಮೊದಲ ತಗೋಬೇಕೋ, ಆಮ್ಯಾಲೋ, ನೋಡಿ ಹೇಳವ್ವ.’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲೂ ಆಗಲಿಲ್ಲ. ‘ಆಮ್ಯಾಲ ತಗೋ ಕಾಕಾ’ ಎಂದೆ. ಮರುದಿನ ಅಪ್ಪನ ಕೈಯಲ್ಲಿ ಚೀಟಿ ಕೊಟ್ಟು ಶಹಾಪುರದ ಔಷಧಿ ಅಂಗಡಿಯಲ್ಲಿ ಕೇಳಿಸಿದೆ. ಅದು ಸರಿಯೇ ಇತ್ತು, ಪುಣ್ಯ. ಆದರೆ ಆ ಒಂದು ದಿನ ನಾನು ಅನ್ನ ನುಂಗಲಿಲ್ಲ. ಈ ಮುದುಕನಿಗೆ, ಈ ಓಣಿಗೆ, ‘ಆಗಲಿಲ್ಲ, ವಾಪಸ್ ಬಂದೆ’ ಎಂದು ಹೇಗೆ ಹೇಳುವುದು? ಶಾಲು ಹೊದಿಸಿಕೊಂಡವಳು ಅರ್ಧಕ್ಕೆ ಬಂದರೆ ಅಪ್ಪ ಸುರಪುರದ ಬಸ್ಸಿನಲ್ಲಿ ಯಾವ ಮುಖ ಹೊತ್ತು ಕೂಡಬೇಕು? ಅಪ್ಪ ಹಾಗೆ ಅನ್ನಲಿಲ್ಲ. ಯಾರೂ ಅನ್ನಲಿಲ್ಲ. ಎಲ್ಲ ನಾನೇ ಅಂದುಕೊಂಡೆ. ನಾಲ್ಕನೆಯ ದಿನ ಕಲಬುರಗಿಯ ಬಸ್ಸು ಹತ್ತಿದೆ. ಶಹಾಪುರದಲ್ಲಿ ಬಸ್ಸು ನಿಂತಾಗ ಹಾರ್ಡ್‌ವೇರ್ ಅಂಗಡಿ ಇರುವ ಕಡೆಗೆ ಮುಖ ಕೂಡ ತಿರುಗಿಸಲಿಲ್ಲ.

ಅಲ್ಲಿಂದ ಮೇ ತಿಂಗಳವರೆಗೆ ನಾನು ಓದಲಿಲ್ಲ ಎಂದಲ್ಲ. ಕಣ್ಣು ಕೆಂಪಾಗುವಷ್ಟು ಓದಿದೆ. ಆದರೆ ಒಳಗೆ ಏನೂ ನಿಲ್ಲಲಿಲ್ಲ. ಪರೀಕ್ಷೆ ಬರೆದು ಹೊರಗೆ ಬಂದಾಗಲೇ ಗೊತ್ತಿತ್ತು. ಜೂನಿನಲ್ಲಿ ಫಲಿತಾಂಶ ಬಂದದ್ದು ಬರೀ ಗೊತ್ತಿದ್ದದ್ದನ್ನು ಹೇಳಲಿಕ್ಕೆ. ಸರ್ಕಾರಿ ಸೀಟಿಗೆ ಬೇಕಾದ ಅಂಕಕ್ಕೂ ನನ್ನ ಅಂಕಕ್ಕೂ ನಡುವೆ ಸಗರದಿಂದ ಕಲಬುರಗಿಯಷ್ಟು ದೂರವಿತ್ತು.

ಸರ್ ಹತ್ತಿರವೇ ಓದಿದ್ದರೆ ಸೀಟು ಸಿಗುತ್ತಿತ್ತೇ? ಇದನ್ನು ಯಾರು ಹೇಳಬೇಕು. ಗೋಗಿಯ ಗೆಳತಿಗೂ ಎಂ.ಬಿ.ಬಿ.ಎಸ್. ಸಿಗಲಿಲ್ಲ, ದೂರದ ಊರಿನಲ್ಲಿ ಆಯುರ್ವೇದದ ಸೀಟು ಸಿಕ್ಕಿತು. ಮೊದಲು ಅವರ ಅಬ್ಬಾ ಅಷ್ಟು ದೂರ ಬೇಡ ಎಂದರು, ದಾದಿ ಹಟ ಹಿಡಿದು ಕಳಿಸಿದಳಂತೆ. ನಾನು ಈಗ ಸುರಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಿರವಾಳದ ಸಂಬಂಧ ಅಷ್ಟು ದಿನ ಕಾಯಲಿಲ್ಲ, ಬೇರೆ ಸಂಬಂಧಗಳು ಬಂದು ಹೋಗುತ್ತಿವೆ. ಮಾಳಿಗೆ ಈ ಮಳೆಗಾಲದಲ್ಲೂ ಸೋರಿತು. ಇದೆಲ್ಲಕ್ಕಿಂತ ನನ್ನನ್ನು ಇವತ್ತಿಗೂ ತಿನ್ನುವುದು ಫಲಿತಾಂಶ ಬಂದ ದಿನದ ಸಂಜೆ.

ಅಲ್ಲಿಯವರೆಗೂ ಓಣಿಗೆ ಅಂಜಿ ಹಾಸ್ಟೆಲ್ಲಿನಲ್ಲೇ ಉಳಿದಿದ್ದ ನಾನು ಅವತ್ತು ಟ್ರಂಕು ತೆಗೆದುಕೊಂಡು ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. ಅವ್ವ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. ನೀರು ಕೊಟ್ಟಳು, ರೊಟ್ಟಿ ಕೊಟ್ಟಳು. ನಾನು ಉಂಡು ಗೋಡೆಗೆ ಒರಗಿ ಕೂತೆ. ಅವ್ವ ಎದ್ದು ಒಳಗೆ ಹೋಗಿ ಒಂದು ಗಂಟು ತಂದಳು. ಬಿಚ್ಚಿದರೆ ಆ ಹೆಬ್ಬೆಟ್ಟಿನ ನೋಟ್‌ಬುಕ್ಕು, ಸ್ಟ್ಯಾಂಪ್ ಪ್ಯಾಡು.

‘ಕಿಡ್ನಿ ಪಾಠ ಅರ್ಧಕ್ಕ ಬಿಟ್ಟು ಹೋಗಿದ್ದಿ’ ಎಂದಳು. ‘ಬೇಕಾದದ್ದು ಯಾವುದು ಅಂತ ಅದಕ್ಕ ಹ್ಯಾಂಗ ತಿಳೀತದ? ನಾಳೆ ಹೇಳ್ತೀನಿ ಅಂದಿದ್ದಿ.’

ಒಂದು ವರ್ಷ. ಆ ಪ್ರಶ್ನೆಯನ್ನು ಅವಳು ಒಂದು ವರ್ಷ ಕಾಯ್ದಿಟ್ಟಿದ್ದಳು. ಅದು ಕಿಡ್ನಿ ಕೆಟ್ಟು ಸತ್ತ ಅವಳ ಅಕ್ಕನ ಪ್ರಶ್ನೆ ಎಂಬುದು ನನಗೆ ಆಗ ತಟ್ಟಿತು, ಅಲ್ಲಿಯವರೆಗೂ ತಟ್ಟಿರಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಆ ಅಧ್ಯಾಯದ ಪ್ರಶ್ನೆಗಳನ್ನು ಆ ವರ್ಷ ಎಷ್ಟು ಸಲ ಬಿಡಿಸಿದ್ದೆನೋ ಲೆಕ್ಕವಿಲ್ಲ. ಯಾವ ನಾಳದಲ್ಲಿ ಏನು ಎಷ್ಟು ಹೀರಿಕೊಳ್ಳುತ್ತದೆ, ಯಾವ ಹಾರ್ಮೋನು ಎಲ್ಲಿ ಕೆಲಸ ಮಾಡುತ್ತದೆ, ಕಣ್ಣು ಮುಚ್ಚಿದರೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ತಾನೇ ಎದ್ದು ಕಾಣುತ್ತಿತ್ತು. ಶುರು ಮಾಡಿದೆ. ಸೆಲೆಕ್ಟಿವ್ ರಿಅಬ್ಸಾರ್ಪ್ಶನ್ ಎಂದೆ. ಅವ್ವ, ‘ಅಂದ್ರ?’ ಎಂದಳು. ಟ್ಯೂಬ್ಯೂಲು ಎಂದೆ. ‘ಅಂದ್ರ?’ ಕ್ಯಾರಿಯರ್ ಪ್ರೋಟೀನು ಎಂದೆ. ‘ಅಂದ್ರ?’ ಮತ್ತೆ ಮೊದಲಿನಿಂದ ಹಿಡಿದೆ. ಜರಡಿ ಎಂದೆ, ಸಕ್ಕರೆ ಎಂದೆ, ಮುಂದೆ ದಾರಿ ಸಿಗಲಿಲ್ಲ. ಒಂದು ವರ್ಷ ಉತ್ತರ ಆರಿಸುವುದನ್ನು ಕಲಿತಿದ್ದೆ, ಹೇಳುವುದು ಹೋಗಿಬಿಟ್ಟಿತ್ತು. ಅವ್ವ ಮಾತ್ರ ಕಣ್ಣು ಕದಲಿಸದೆ ಕೇಳಿದಳು. ಹೊರಗೆ ಅಪ್ಪನ ಚಪ್ಪಲಿ ಸಪ್ಪಳವಾಯಿತು.

ಅವ್ವ ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆರೆದಳು. ಶಾಯಿ ಒಣಗಿರಬೇಕೆಂದುಕೊಂಡೆ, ಒಣಗಿರಲಿಲ್ಲ. ಆ ಖಾಲಿ ಪುಟವನ್ನು ನೋಡಿದಳು, ನನ್ನನ್ನು ನೋಡಿದಳು. ಪಾಪ, ಮಗಳು ಸೋತು ಬಂದಿದ್ದಾಳೆ, ಒತ್ತುತ್ತಾಳೆ ಎಂದೇ ನಾನು ತಿಳಿದಿದ್ದೆ. ಒತ್ತಲಿ ಎಂದು ಬೇಡಿಕೊಳ್ಳುತ್ತಲೂ ಇದ್ದೆ.

‘ಇಲ್ಲವ್ವ’ ಎಂದಳು ಅವ್ವ, ಮೆಲ್ಲಗೆ. ‘ನಂಗ ತಿಳೀಲಿಲ್ಲ.’

ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, ಅಪ್ಪನಿಗೆ ನೀರು ಕೊಡಲು ಎದ್ದು ಹೋದಳು.